ತೈಶೋ ಕಾಲಕ್ಕೆ ಒಂದೇ ಸಾಲು ಸಾಕಾ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಆಧುನಿಕ ಜಪಾನಿನ ಬಗ್ಗೆ ಬಂದ ಎರಡು ಪುಟದ ಲೇಖನ ಓದಿದೆ. ಜಪಾನಿನಲ್ಲಿ ಒಬ್ಬೊಬ್ಬ ಚಕ್ರವರ್ತಿಯ ಆಳ್ವಿಕೆಯ ಕಾಲಕ್ಕೆ ಒಂದೊಂದು ಹೆಸರು. ಅದರಲ್ಲಿ ಮೇಜಿ ಕಾಲಕ್ಕೆ ಒಂದು ಪುಟ, ಶೋವಾ ಕಾಲಕ್ಕೆ ಇನ್ನೊಂದು ಪುಟ. ಎರಡರ ನಡುವಿನ ತೈಶೋ ಕಾಲಕ್ಕೆ ಮಾತ್ರ ಒಂದೇ ಒಂದು ಸಾಲು. ಚಕ್ರವರ್ತಿಗೆ ಕಾಯಿಲೆ ಇತ್ತು, ಹಾಗಾಗಿ 1912ರಿಂದ 1926ರವರೆಗಿನ ಕಾಲ ವಿಶೇಷವೇನೂ ಇಲ್ಲದೆ ಕಳೆಯಿತು, ಅಷ್ಟೇ. ಲೇಖನದ ಉಳಿದ ಭಾಗ ಚೆನ್ನಾಗಿಯೇ ಇದೆ, ಅದರ ತಂಟೆಗೆ ನಾನು ಹೋಗುವುದಿಲ್ಲ. ನನ್ನ ತಕರಾರು ಆ ಒಂದು ಸಾಲಿನದು. ರಾಜ ಮಲಗಿದ್ದ ಅಂದಮಾತ್ರಕ್ಕೆ ದೇಶವೂ ಮಲಗಿತ್ತು ಅಂತ ಬರೆದುಬಿಟ್ಟರೆ ಹೇಗೆ?

ಮೊದಲು ಆ ಚಕ್ರವರ್ತಿಯ ಬಗ್ಗೆ ಎರಡು ಮಾತು. ಯೋಶಿಹಿತೋ ಅಂದರೆ ಎಲ್ಲರಿಗೂ ನೆನಪಾಗುವುದು ಒಂದೇ ಕಥೆ. ಸಂಸತ್ತಿನಲ್ಲಿ ಭಾಷಣದ ಕಾಗದವನ್ನು ಸುರುಳಿ ಸುತ್ತಿ, ದುರ್ಬೀನಿನ ಹಾಗೆ ಕಣ್ಣಿಗೆ ಹಿಡಿದು ಸದಸ್ಯರನ್ನು ನೋಡಿದರಂತೆ. ನಿಜವಾಗಿ ನಡೆದದ್ದೋ, ಯಾರೋ ಹಾರಿಸಿದ ಕಾಗೆಯೋ ಇವತ್ತಿಗೂ ಖಚಿತವಿಲ್ಲ. ಸುರುಳಿ ಸರಿಯಾಗಿ ಸುತ್ತಿಕೊಂಡಿದೆಯಾ ಅಂತ ನೋಡಿದ್ದಷ್ಟೇ ಅನ್ನುವವರೂ ಇದ್ದಾರೆ. ಆದರೆ ಪಾಪ, ಆ ಮನುಷ್ಯನ ಬದುಕೆಲ್ಲ ಆ ಒಂದು ಸುರುಳಿಯೊಳಗೇ ಸಿಕ್ಕಿಹಾಕಿಕೊಂಡಿದೆ. 1879ರಲ್ಲಿ ಹುಟ್ಟಿದ ಕೂಸಿಗೆ ಕೆಲವೇ ವಾರಗಳಲ್ಲಿ ಮಿದುಳು ಜ್ವರ ಬಂತು. ಮೇಜಿ ಚಕ್ರವರ್ತಿಯ ಗಂಡುಮಕ್ಕಳಲ್ಲಿ ಬದುಕಿ ಉಳಿದದ್ದು ಇವನೊಬ್ಬನೇ, ಹಾಗಾಗಿ ಪಟ್ಟ ಇವನಿಗೇ ಬಂತು. ಯುವರಾಜನಾಗಿದ್ದಾಗ ದೇಶದ ತುಂಬ ಓಡಾಡಿದವನು. ಚೀನೀ ಶೈಲಿಯಲ್ಲಿ ಬರೆದ ಪದ್ಯಗಳೇ ಸಾವಿರಕ್ಕಿಂತ ಜಾಸ್ತಿ. ಅಪ್ಪನ ಕಾಲದವರೆಗೂ ಅರಮನೆಯಲ್ಲಿ ಉಪಪತ್ನಿಯರನ್ನು ಇಟ್ಟುಕೊಳ್ಳುವ ಪದ್ಧತಿ ಇತ್ತು, ಇವನನ್ನು ಹೆತ್ತವಳೂ ಅಂಥವಳೇ. ಇವನು ಮಾತ್ರ ಸದಾಕೋ ಒಬ್ಬಳ ಜೊತೆಗೇ ಸಂಸಾರ ಮಾಡಿದ, ನಾಲ್ಕು ಗಂಡುಮಕ್ಕಳನ್ನು ಪಡೆದ.

ಕಾಯಿಲೆ ಇದ್ದದ್ದು ನಿಜ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಬರಬರುತ್ತಾ ಮಾತು, ನಡಿಗೆ, ನೆನಪು ಎಲ್ಲ ಕೈಕೊಟ್ಟವು. 1921ರ ನವೆಂಬರ್ 25ರಂದು 20 ವರ್ಷದ ಮಗ ಹಿರೋಹಿತೋ (ಮುಂದೆ ಶೋವಾ ಚಕ್ರವರ್ತಿಯಾದವನು ಇವನೇ) ಅಪ್ಪನ ಪರವಾಗಿ ಅಧಿಕಾರ ವಹಿಸಿಕೊಂಡ. 1926ರ ಡಿಸೆಂಬರ್ 25ರಂದು ಹಯಾಮಾದ ಸಮುದ್ರತೀರದ ಅರಮನೆಯಲ್ಲಿ ಯೋಶಿಹಿತೋ ತೀರಿಕೊಂಡಾಗ ವಯಸ್ಸು 47. ಆಮೇಲೂ ಅರಮನೆಯ ಮುಜುಗರ ಹೋಗಲಿಲ್ಲ ನೋಡಿ. ಇವನ ಬದುಕಿನ ಅಧಿಕೃತ ದಾಖಲೆಯನ್ನು 2002ರವರೆಗೆ ಹೊರಗೇ ಬಿಡಲಿಲ್ಲ. ಬಿಟ್ಟಾಗಲೂ ಎಷ್ಟೋ ಸಾಲುಗಳಿಗೆ ಮಸಿ ಬಳಿದಿದ್ದರು.

ಈಗ ನೋಡಿ, 1868ರ ಮುಂಚೆ ಜಪಾನಿನಲ್ಲಿ ಕಾಲಕ್ಕೆ ಇಡುವ ಹೆಸರನ್ನು ಬೇಕಾದಾಗ ಬದಲಾಯಿಸುತ್ತಿದ್ದರು. ಬೆಂಕಿ ಬಿದ್ದರೆ ಹೊಸ ಹೆಸರು, ಭೂಕಂಪ ಆದರೆ ಹೊಸ ಹೆಸರು. ಒಬ್ಬನೇ ರಾಜನ ಆಳ್ವಿಕೆಯಲ್ಲಿ ನಾಲ್ಕೈದು ಹೆಸರು ಬಂದುಹೋದದ್ದೂ ಉಂಟು. ಒಬ್ಬ ಚಕ್ರವರ್ತಿಗೆ ಒಂದೇ ಹೆಸರು ಅನ್ನುವ ನಿಯಮ ಬಂದದ್ದು ಮೇಜಿ ಸರ್ಕಾರದಿಂದ. ಅಲ್ಲಿಂದ ಶುರುವಾಯಿತು ಈ ಗೊಂದಲ. ಗಟ್ಟಿ ರಾಜ ಅಂದರೆ ಗಟ್ಟಿ ಕಾಲ, ಕಾಯಿಲೆಯ ರಾಜ ಅಂದರೆ ಕಾಯಿಲೆಯ ಕಾಲ. ಮೇಜಿ ಚಕ್ರವರ್ತಿಯ ಹೆಸರಲ್ಲಿ ಟೋಕಿಯೋ ನಡುವೆ ದೊಡ್ಡ ಕಾಡಿನಂಥ ಆವರಣದ ದೇವಾಲಯ ಇದೆ, ಅವನ ಹುಟ್ಟಿದ ದಿನ ನವೆಂಬರ್ 3 ಬೇರೆ ಹೆಸರಲ್ಲಿ ಇವತ್ತಿಗೂ ರಜೆ. ಶೋವಾ ಹೆಸರಲ್ಲಿ ಏಪ್ರಿಲ್ 29 ರಜೆ. ತೈಶೋಗೆ ರಜೆಯೂ ಇಲ್ಲ, ಅಂಥ ದೇವಾಲಯವೂ ಇಲ್ಲ. ಬದುಕಿದ್ದಾಗಲೂ ಅವನ ಹುಟ್ಟುಹಬ್ಬ ಆಗಸ್ಟ್ 31ಕ್ಕೆ ಬರುತ್ತದೆ, ಸೆಕೆ ಜಾಸ್ತಿ ಅಂತ ಸಂಭ್ರಮವನ್ನೆಲ್ಲ ಅಕ್ಟೋಬರ್ 31ಕ್ಕೆ ತಳ್ಳಿದ್ದರು!

ಇರಲಿ, ರಾಜನನ್ನು ಪಕ್ಕಕ್ಕಿಟ್ಟು ಬೀದಿಗೆ ಬರೋಣ.

ಯೋಶಿಹಿತೋ ಪಟ್ಟಕ್ಕೆ ಬಂದು ಆರು ತಿಂಗಳು ಆಗಿತ್ತೋ ಇಲ್ಲವೋ, ಸರ್ಕಾರವೇ ಬಿತ್ತು. ಕೊರಿಯಾದಲ್ಲಿ ಇರಿಸಲು ಇನ್ನೂ ಎರಡು ಡಿವಿಜನ್ ಸೈನ್ಯ ಬೇಕು ಅಂತ ಸೇನೆಯವರು ಪಟ್ಟು ಹಿಡಿದರು. ದುಡ್ಡಿಲ್ಲ ಅಂದಿತು ಸಂಪುಟ. ಸೇನಾ ಮಂತ್ರಿ ರಾಜೀನಾಮೆ ಬಿಸಾಡಿದ, ಬದಲಿಗೆ ಇನ್ನೊಬ್ಬನನ್ನು ಕೊಡಲು ಸೇನೆ ಒಪ್ಪಲಿಲ್ಲ, ಸಂಪುಟ ಉರುಳಿತು. ಆಮೇಲೆ ಬಂದವನು ಕತ್ಸುರಾ ತಾರೋ, ಆಗಲೇ ಎರಡು ಸಲ ಪ್ರಧಾನಿ ಆಗಿದ್ದ ಹಳೇ ಹುಲಿ. ಕಷ್ಟ ಬಂದಾಗೆಲ್ಲ ಹೊಸ ಚಕ್ರವರ್ತಿಯ ಹೆಸರಲ್ಲಿ ಒಂದು ಆಜ್ಞೆ ಹೊರಡಿಸಿ ಎದುರಾಳಿಗಳ ಬಾಯಿ ಮುಚ್ಚಿಸುವುದು ಅವನ ಪಟ್ಟು. 1913ರ ಫೆಬ್ರವರಿ 5ರಂದು ಸಂಸತ್ತಿನಲ್ಲಿ ಎದ್ದುನಿಂತ ಓಜಾಕಿ ಯುಕಿಯೋ ಅವನ ಮುಖಕ್ಕೇ ಹೇಳಿದ: ಇವರಿಗೆ ಸಿಂಹಾಸನವೇ ಕೋಟೆ, ರಾಜಾಜ್ಞೆಯೇ ಗುಂಡು, ಅದರ ಹಿಂದೆ ಅಡಗಿ ಎದುರಾಳಿಗಳನ್ನು ಹೊಡೆಯುತ್ತಾರೆ ಅಂತ. ಐದು ದಿನದಲ್ಲಿ ಜನ ಸಂಸತ್ತನ್ನು ಸುತ್ತುವರಿದರು, ಪೊಲೀಸ್ ಚೌಕಿಗಳು ಸುಟ್ಟವು, ಸರ್ಕಾರದ ಪರ ಬರೆಯುತ್ತಿದ್ದ ಪತ್ರಿಕೆಗಳ ಕಚೇರಿಗಳಿಗೂ ಬಿಸಿ ಮುಟ್ಟಿತು. ಮಾರನೇ ದಿನ ಕತ್ಸುರಾ ರಾಜೀನಾಮೆ. ಎರಡು ತಿಂಗಳೂ ಸರಿಯಾಗಿ ಕೂರಲಿಲ್ಲ.

(ಈ ಓಜಾಕಿ ಬೇರೆ ಯಾರೂ ಅಲ್ಲ, ವಾಷಿಂಗ್ಟನ್‌ನ ಪ್ರಸಿದ್ಧ ಚೆರ್ರಿ ಮರಗಳಿವೆಯಲ್ಲ, ಅವನ್ನು ಟೋಕಿಯೋ ಮೇಯರ್ ಆಗಿದ್ದಾಗ ಕಳಿಸಿದವನು.)

ವಿಶೇಷವೇನೂ ಇಲ್ಲದ ಕಾಲದ ಮೊದಲ ಚಳಿಗಾಲವೇ ಹೀಗಿತ್ತು. ಇನ್ನು 1918ಕ್ಕೆ ಬನ್ನಿ. ಮೊದಲ ಮಹಾಯುದ್ಧದಲ್ಲಿ ಜಪಾನ್ ಬ್ರಿಟನ್ ಕಡೆ ಸೇರಿ ಚೀನಾದ ಚಿಂಗ್ಡಾವ್ ಬಂದರನ್ನು ಜರ್ಮನರಿಂದ ಕಿತ್ತುಕೊಂಡಿತ್ತು. ಯುರೋಪಿನ ಕಾರ್ಖಾನೆಗಳೆಲ್ಲ ಗುಂಡು ಮದ್ದು ಮಾಡುತ್ತಾ ಕೂತಾಗ ಏಷ್ಯಾದ ಮಾರುಕಟ್ಟೆಗೆ ಬಟ್ಟೆ, ಹಡಗುಗಳಿಗೆ ಆರ್ಡರ್, ಎಲ್ಲ ಜಪಾನಿಗೇ ಬಂತು. ಸಾಲ ಮಾಡಿಕೊಂಡಿದ್ದ ದೇಶ ಸಾಲ ಕೊಡುವ ದೇಶವಾಯಿತು. ಹಡಗು ವ್ಯಾಪಾರಿಗಳು ರಾತ್ರಿ ಬೆಳಗಾಗುವುದರಲ್ಲಿ ಕುಬೇರರಾದರು. ಆದರೆ ಬೆಲೆಯೂ ಏರಿತು. ಸೈಬೀರಿಯಾಕ್ಕೆ ಸೈನ್ಯ ಕಳಿಸುತ್ತಾರಂತೆ, ಸೈನಿಕರಿಗೆ ಅಕ್ಕಿ ಬೇಕಾಗುತ್ತದಂತೆ ಅನ್ನುವ ಸುದ್ದಿ ಹಬ್ಬಿದ್ದೇ ತಡ, ವರ್ತಕರು ಅಕ್ಕಿ ಬಚ್ಚಿಟ್ಟರು. ಬೆಲೆ ಹೆಚ್ಚುಕಡಿಮೆ ಎರಡರಷ್ಟಾಯಿತು.

ಜುಲೈ 23ರಂದು ತೊಯಾಮಾ ಪ್ರಾಂತ್ಯದ ಉವೋಜು ಅನ್ನುವ ಸಣ್ಣ ಮೀನುಗಾರರ ಊರಿನಲ್ಲಿ ಹೆಂಗಸರು ಸಮುದ್ರದಂಡೆಗೆ ಬಂದು ನಿಂತರು. ಗಂಡಸರು ಹಲವರು ಉತ್ತರದ ಕಡಲಿಗೆ ಮೀನು ಹಿಡಿಯಲು ಹೋಗಿದ್ದರು. ಕಣ್ಣೆದುರಿಗೇ ಅಕ್ಕಿ ಮೂಟೆಗಳು ಬೇರೆ ಊರಿಗೆ ಹೋಗುವ ಹಡಗು ಹತ್ತುತ್ತಿದ್ದವು. ನಮ್ಮ ಊರಿನ ಅಕ್ಕಿ ನಮಗೇ ಮಾರಿ, ಹಡಗಿಗೆ ಏರಿಸಬೇಡಿ. ಇಷ್ಟೇ ಅವರು ಕೇಳಿದ್ದು. ಯಾವ ಪಕ್ಷವೂ ಅಲ್ಲ, ಬಾವುಟವೂ ಇಲ್ಲ. ಪೊಲೀಸರು ಬಂದು ಚದುರಿಸಿದರು. ಆದರೆ ಆಗಸ್ಟ್ ಹೊತ್ತಿಗೆ ಪಕ್ಕದ ಊರುಗಳ ಹೆಂಗಸರೂ ಎದ್ದರು, ಸುದ್ದಿ ಪತ್ರಿಕೆಗಳಲ್ಲಿ ಬಂತು, ಕ್ಯೋಟೋ, ನಗೋಯಾ, ಒಸಾಕಾ ಎಲ್ಲ ಕಡೆ ಜನ ಬೀದಿಗಿಳಿದರು. ಕೋಬೆಯಲ್ಲಿ ಸುಜುಕಿ ಅನ್ನುವ ದೊಡ್ಡ ವ್ಯಾಪಾರ ಸಂಸ್ಥೆಯ ಮುಖ್ಯ ಕಚೇರಿಯನ್ನೇ ಸುಟ್ಟುಹಾಕಿದರು. ಗಣಿಗಳಿಗೂ ಹಬ್ಬಿತು. ಸರ್ಕಾರ ಸೈನ್ಯ ಇಳಿಸಿತು, ಸಾವಿರಾರು ಜನರನ್ನು ಹಿಡಿದು ಒಳಗೆ ಹಾಕಿತು. ಇಷ್ಟೆಲ್ಲ ಆದಮೇಲೂ ಪ್ರಧಾನಿ ತೆರೌಚಿ ಉಳಿಯಲಿಲ್ಲ, ಸೆಪ್ಟೆಂಬರಿನಲ್ಲಿ ಹೋದ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡ ಹೆಂಗಸರು ಶುರು ಮಾಡಿದ್ದು ಒಬ್ಬ ಫೀಲ್ಡ್ ಮಾರ್ಷಲ್‌ನ ಸರ್ಕಾರವನ್ನು ಇಳಿಸಿತು. ಇದಕ್ಕಿಂತ ವಿಶೇಷ ಏನು ಬೇಕು ಸ್ವಾಮಿ?

ನೀವು ಪತ್ರಿಕೆಯವರಾದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ಅಕ್ಕಿ ಗಲಾಟೆಯ ಸುದ್ದಿ ಹಾಕಬೇಡಿ ಅಂತ ಸರ್ಕಾರ ಪತ್ರಿಕೆಗಳಿಗೆ ನಿಷೇಧ ಹೇರಿತು. ಪತ್ರಕರ್ತರು ಒಸಾಕಾದಲ್ಲಿ ಸಭೆ ಸೇರಿ ಪ್ರತಿಭಟಿಸಿದರು. ಆ ಸಭೆಯ ವರದಿಯಲ್ಲಿ ಒಸಾಕಾ ಅಸಾಹಿ ಪತ್ರಿಕೆಯ ವರದಿಗಾರ ಹಳೇ ಚೀನೀ ಗ್ರಂಥದ ಒಂದು ಮಾತು ಸೇರಿಸಿದ್ದ, ಬಿಳಿ ಕಾಮನಬಿಲ್ಲು ಸೂರ್ಯನನ್ನು ಸೀಳಿತು ಅಂತ. ಅದು ದಂಗೆಯ ಸೂಚನೆ, ಸೂರ್ಯ ಅಂದರೆ ಚಕ್ರವರ್ತಿ, ಇದು ರಾಜದ್ರೋಹ ಅಂತ ಕೇಸು ಬಿತ್ತು. ವರದಿಗಾರ ಜೈಲಿಗೆ ಹೋದ. ಪತ್ರಿಕೆಯ ಅಧ್ಯಕ್ಷ ಮುರಾಯಾಮಾ ಮೇಲೆ ಬಲಪಂಥೀಯ ಗುಂಪೊಂದು ನಕನೋಶಿಮಾ ಪಾರ್ಕಿನಲ್ಲಿ ಹಲ್ಲೆ ಮಾಡಿತು. ಅವನು ರಾಜೀನಾಮೆ ಕೊಟ್ಟ, ಹೆಸರಾಂತ ಸಂಪಾದಕರು ಹಲವರು ಹೊರಬಂದರು, ಪತ್ರಿಕೆ ಮೆತ್ತಗಾಯಿತು. ಒಂದೇ ಬೇಸಿಗೆಯಲ್ಲಿ ಪತ್ರಿಕೆಯ ಬಲವೂ ಕಂಡಿತು, ಅದನ್ನು ಬಗ್ಗಿಸುವುದು ಹೇಗೆ ಅನ್ನುವುದೂ ಗೊತ್ತಾಯಿತು.

ತೆರೌಚಿಯ ಜಾಗಕ್ಕೆ ಬಂದವನು ಹರಾ ತಕಾಶಿ. ಸಂಸತ್ತಿನ ಕೆಳಮನೆಯ ಸದಸ್ಯನಾಗಿದ್ದುಕೊಂಡೇ ಪ್ರಧಾನಿಯಾದ ಮೊದಲಿಗ. ಯಾವ ಶ್ರೀಮಂತ ಬಿರುದೂ ಬೇಡ ಅಂದವನು, ಹಾಗಾಗಿ ಜನ ಸಾಮಾನ್ಯರ ಪ್ರಧಾನಿ ಅಂತ ಖುಷಿಪಟ್ಟರು. ಆದರೆ ಇವನನ್ನು ಅಷ್ಟೊಂದು ತಲೆ ಮೇಲೆ ಹೊತ್ತುಕೊಳ್ಳುವುದು ಬೇಡ ಅಂತ ನನ್ನ ಅನಿಸಿಕೆ. ಎಲ್ಲ ಗಂಡಸರಿಗೂ ಮತ ಕೊಡಿ ಅಂದರೆ ಇನ್ನೂ ಕಾಲ ಬಂದಿಲ್ಲ ಅಂದ. ಹತ್ತು ಯೆನ್ ತೆರಿಗೆ ಕಟ್ಟುವವರಿಗೆ ಇದ್ದ ಮತವನ್ನು ಮೂರು ಯೆನ್ ಕಟ್ಟುವವರಿಗೆ ಇಳಿಸಿ ಮೂಗಿಗೆ ತುಪ್ಪ ಸವರಿದ. 1921ರ ನವೆಂಬರ್ 4ರಂದು ಟೋಕಿಯೋ ಸ್ಟೇಷನ್ನಿನಲ್ಲಿ ರೈಲ್ವೆಯಲ್ಲೇ ಕೆಲಸಕ್ಕಿದ್ದ ಹುಡುಗನೊಬ್ಬ ಅವನನ್ನು ಇರಿದು ಕೊಂದ. ಮರುನೌಚಿ ಕಡೆಯ ದಕ್ಷಿಣ ದ್ವಾರದ ಹತ್ತಿರ ನೆಲದಲ್ಲಿ ಒಂದು ಸಣ್ಣ ಗುರುತು ಈಗಲೂ ಇದೆ. ಜನ ಅದರ ಮೇಲೇ ಕಾಲಿಟ್ಟುಕೊಂಡು ರೈಲಿಗೆ ಓಡುತ್ತಾರೆ.

ಹಾಗಂತ ತೈಶೋ ಅಂದರೆ ಬರೀ ಪ್ರಜಾಪ್ರಭುತ್ವ ಅಂತ ಹಾಡಿ ಹೊಗಳುವವರ ಗುಂಪಿಗೂ ನಾನು ಸೇರಿದವನಲ್ಲ. ಮನೆಯೊಳಗೆ ಹಕ್ಕು ಕೇಳುತ್ತಿದ್ದ ದೇಶವೇ ಹೊರಗೆ ಏನು ಮಾಡಿತು ನೋಡಿ. 1915ರಲ್ಲಿ ಚೀನಾದ ಮುಂದೆ ಇಪ್ಪತ್ತೊಂದು ಬೇಡಿಕೆ ಇಟ್ಟದ್ದು, ವಾಸೆದಾ ವಿಶ್ವವಿದ್ಯಾಲಯ ಕಟ್ಟಿ ಜನಪ್ರಿಯನಾಗಿದ್ದ ಓಕುಮಾ ಶಿಗೆನೋಬು ಪ್ರಧಾನಿಯಾಗಿದ್ದಾಗ. 1919ರ ಮಾರ್ಚ್ 1ರಂದು ಸ್ವಾತಂತ್ರ್ಯ ಕೇಳಿ ಬೀದಿಗೆ ಬಂದ ಕೊರಿಯಾದವರ ಮೇಲೆ ಗುಂಡು ಹಾರಿಸಿದ್ದು ಇದೇ ಹರಾ ಪ್ರಧಾನಿಯಾಗಿದ್ದಾಗ. ಅದೇ ವರ್ಷ ಪ್ಯಾರಿಸ್ ಶಾಂತಿ ಸಭೆಯಲ್ಲಿ ಜಪಾನ್ ಜನಾಂಗಗಳೆಲ್ಲ ಸಮಾನ ಅಂತ ಬರೆದುಕೊಳ್ಳಿ ಅಂತ ಕೇಳಿತು. ಹದಿನೇಳರಲ್ಲಿ ಹನ್ನೊಂದು ಮತ ಬಿದ್ದರೂ ಅಲ್ಲಿ ಅಧ್ಯಕ್ಷತೆ ವಹಿಸಿದ್ದ ಅಮೆರಿಕದ ವಿಲ್ಸನ್ ಎಲ್ಲರ ಒಪ್ಪಿಗೆ ಇಲ್ಲ ಅಂತ ತಳ್ಳಿಹಾಕಿದ. ಅನ್ಯಾಯವೇ, ಒಪ್ಪೋಣ. ಆದರೆ ಕೇಳಿದವರ ಕೈಯಲ್ಲಿ ಕೊರಿಯಾದ ರಕ್ತ ಇನ್ನೂ ಒಣಗಿರಲಿಲ್ಲ ಅನ್ನುವುದನ್ನೂ ಹೇಳಬೇಕು, ಅಲ್ವಾ?

1923ರ ಸೆಪ್ಟೆಂಬರ್ 1. ಮಧ್ಯಾಹ್ನ 11 ಗಂಟೆ 58 ನಿಮಿಷ. ಊಟದ ಹೊತ್ತು, ಮನೆಮನೆಯಲ್ಲೂ ಒಲೆ ಉರಿಯುತ್ತಿತ್ತು. ಟೋಕಿಯೋ, ಯೋಕೊಹಾಮಾ ನಡುಗಿ ಬಿದ್ದವು, ಮರದ ಮನೆಗಳಿಗೆ ಬೆಂಕಿ ಹತ್ತಿತು, ಗಾಳಿ ಬೇರೆ ಜೋರಾಗಿತ್ತು. ಹೊಂಜೋದಲ್ಲಿ ಸೈನ್ಯದ ಬಟ್ಟೆ ಡಿಪೋ ಇದ್ದ ಖಾಲಿ ಮೈದಾನಕ್ಕೆ ಜನ ಹಾಸಿಗೆ, ಪೆಟ್ಟಿಗೆ, ಪಾತ್ರೆ ಹೊತ್ತು ಓಡಿದರು. ತಂದ ಸಾಮಾನಿಗೇ ಬೆಂಕಿ ಹತ್ತಿತು. ಆ ಒಂದೇ ಮೈದಾನದಲ್ಲಿ ಸತ್ತವರು ಸುಮಾರು 38,000. ಒಟ್ಟು ಸತ್ತವರು, ಕಾಣೆಯಾದವರು ಒಂದು ಲಕ್ಷ ದಾಟಿದರು.

ಅದು ಭೂಮಿಯ ಕೆಲಸ. ಆಮೇಲಿನದು ಮನುಷ್ಯರದು. ಕೊರಿಯಾದವರು ಬಾವಿಗೆ ವಿಷ ಹಾಕುತ್ತಿದ್ದಾರೆ, ಬೆಂಕಿ ಇಡುತ್ತಿದ್ದಾರೆ ಅಂತ ಗಾಳಿಸುದ್ದಿ ಎದ್ದಿತು. ಗೃಹ ಇಲಾಖೆಯೇ ಫುನಾಬಾಶಿಯ ನೌಕಾಪಡೆಯ ನಿಸ್ತಂತು ಕೇಂದ್ರದಿಂದ ಅದನ್ನು ಪ್ರಾಂತ್ಯಗಳಿಗೆ ಕಳಿಸಿತು. ಊರೂರಲ್ಲಿ ಜನ ಕತ್ತಿ, ಬಿದಿರಿನ ಭರ್ಜಿ ಹಿಡಿದು ರಸ್ತೆಗೆ ಅಡ್ಡ ನಿಂತರು. ಬಂದವರನ್ನೆಲ್ಲ ನಿಲ್ಲಿಸಿ "ಹದಿನೈದು ಯೆನ್ ಐವತ್ತು ಸೆನ್" ಅಂತ ಜಪಾನಿಯಲ್ಲಿ ಹೇಳು ಅನ್ನುತ್ತಿದ್ದರು. ಕೊರಿಯಾದವರ ನಾಲಿಗೆಗೆ ಅದರ ಉಚ್ಚಾರ ಸಲೀಸಾಗಿ ಹೊರಳುವುದಿಲ್ಲ. ತಡವರಿಸಿದವರನ್ನು ಅಲ್ಲೇ ಕೊಂದರು. ಸತ್ತವರು ಸಾವಿರಾರು. ಚೀನಾದವರೂ ಸತ್ತರು. ದೂರದ ಕಗಾವಾದಿಂದ ಔಷಧಿ ಮಾರಲು ಬಂದಿದ್ದ ಜಪಾನಿಯರೇ ಒಂದು ಗುಂಪು ಚಿಬಾದ ಫುಕುದಾ ಹಳ್ಳಿಯಲ್ಲಿ ಸಿಕ್ಕಿಬಿದ್ದು, ಮಾತಿನ ಧಾಟಿ ಬೇರೆ ಅನ್ನುವ ಅನುಮಾನಕ್ಕೆ ಒಂಬತ್ತು ಜನ ಸತ್ತರು, ಮಕ್ಕಳೂ ಸೇರಿ. ಈ ಗಡಿಬಿಡಿಯಲ್ಲೇ ಮಿಲಿಟರಿ ಪೊಲೀಸರ ಕ್ಯಾಪ್ಟನ್ ಅಮಾಕಾಸು ಮತ್ತವನ ಕೈಕೆಳಗಿನವರು ಅರಾಜಕತಾವಾದಿ ಓಸುಗಿ ಸಕಾಯೆ, ಸ್ತ್ರೀವಾದಿ ಲೇಖಕಿ ಇತೋ ನೊಯೆ, ಜೊತೆಗಿದ್ದ ಆರು ವರ್ಷದ ಹುಡುಗ, ಮೂವರನ್ನೂ ಕೊಂದು ಬಾವಿಗೆ ಎಸೆದರು. ಅಮಾಕಾಸುಗೆ ಹತ್ತು ವರ್ಷ ಶಿಕ್ಷೆಯಾಯಿತು, ಮೂರು ವರ್ಷದೊಳಗೆ ಹೊರಗೆ ಬಂದ. 1930ರ ದಶಕದ ಜಪಾನ್ ಎಲ್ಲಿಂದ ಬಂತು ಅಂತ ನಿಮ್ಮ ಲೇಖನ ಅರ್ಧ ಪುಟ ತಲೆ ಕೆಡಿಸಿಕೊಂಡಿದೆಯಲ್ಲ, ಈ ಸೆಪ್ಟೆಂಬರ್ ತಿಂಗಳನ್ನು ಒಮ್ಮೆ ನೋಡಿದ್ದರೆ ಸಾಕಿತ್ತು.

ಅದರ ಹಿಂದಿನ ವರ್ಷ, 1922ರ ಮಾರ್ಚ್ 3ರಂದು ಕ್ಯೋಟೋದಲ್ಲಿ ನಡೆದದ್ದು ನಮ್ಮ ಓದುಗರಿಗೆ ವಿಶೇಷವಾಗಿ ಗೊತ್ತಿರಬೇಕು. ಚರ್ಮದ ಕೆಲಸ, ಕಸಾಯಿ ಕೆಲಸ ಮಾಡುತ್ತಾರೆ ಅಂತ ತಲೆತಲಾಂತರದಿಂದ ಊರ ಹೊರಗೆ ಇಟ್ಟಿದ್ದ ಬುರಾಕು ಜನ ಸುಯಿಹೇಶಾ ಅನ್ನುವ ಸಂಘ ಕಟ್ಟಿದರು. ಕಾಗದದ ಮೇಲೆ ಸಮಾನತೆ ಅವರಿಗೆ 1871ರಲ್ಲೇ ಸಿಕ್ಕಿತ್ತು, ಊರಲ್ಲಿ ಸಿಕ್ಕಿರಲಿಲ್ಲ. ಯಾರ ಕರುಣೆಯೂ ಬೇಡ, ನಮ್ಮ ಬಿಡುಗಡೆ ನಾವೇ ಮಾಡಿಕೊಳ್ಳುತ್ತೇವೆ ಅಂದರು. ಅದೇ ವರ್ಷ ಹೆಂಗಸರು ರಾಜಕೀಯ ಸಭೆಗೆ ಹೋಗಬಾರದು ಅನ್ನುವ ಕಾನೂನನ್ನು ಹಿರಾತ್ಸುಕಾ ರೈಚೋ, ಇಚಿಕಾವಾ ಫುಸಾಯೆ ಕಟ್ಟಿದ ಸಂಘ ಹೋರಾಡಿ ಬದಲಾಯಿಸಿತು. ಸಭೆಯಲ್ಲಿ ಕೂರುವುದಕ್ಕೇ ಇಷ್ಟು ಒದ್ದಾಟ! ಮತದ ಮಾತು ಬಿಡಿ, ಅದು ಸಿಕ್ಕಿದ್ದು ಯುದ್ಧ ಸೋತ ಮೇಲೆ, 1945ರ ಕೊನೆಗೆ.

ಗಂಡಸರಿಗೆ ಸಿಕ್ಕಿದ್ದು 1925ರಲ್ಲಿ. ತೆರಿಗೆಯ ಷರತ್ತು ತೆಗೆದು, 25 ದಾಟಿದ ಗಂಡಸರಿಗೆ ಮತ ಕೊಟ್ಟರು. ಮೂವತ್ತು ಲಕ್ಷದ ಆಸುಪಾಸಿನಲ್ಲಿದ್ದ ಮತದಾರರು ಒಂದು ಕೋಟಿ ಇಪ್ಪತ್ತು ಲಕ್ಷ ದಾಟಿದರು. ಎಲ್ಲರೂ ಇದನ್ನೇ ತೈಶೋ ಕಾಲದ ಕಿರೀಟ ಅನ್ನುತ್ತಾರೆ. ಅದೇ ಅಧಿವೇಶನ, ಅದೇ ಕಾತೋ ತಕಾಅಕಿ ಸರ್ಕಾರ ಇನ್ನೊಂದು ಕಾನೂನನ್ನೂ ಪಾಸು ಮಾಡಿತು, ಶಾಂತಿ ಕಾಪಾಡುವ ಕಾನೂನು ಅಂತ. ಚಕ್ರವರ್ತಿಯ ಆಡಳಿತ ವ್ಯವಸ್ಥೆಯನ್ನು ಬದಲಾಯಿಸಬೇಕು, ಖಾಸಗಿ ಆಸ್ತಿ ಬೇಡ ಅನ್ನುವ ಸಂಘ ಕಟ್ಟಿದರೆ ಹತ್ತು ವರ್ಷದವರೆಗೆ ಜೈಲು. ಮತದ ಕಾನೂನು ಮೇ ತಿಂಗಳಲ್ಲಿ ಪ್ರಕಟವಾಯಿತು, ಜೈಲಿನ ಕಾನೂನು ಅದಕ್ಕೂ ಮುಂಚೆ ಏಪ್ರಿಲ್‌ನಲ್ಲೇ ಬಂದಾಗಿತ್ತು. ಜಪಾನಿನೊಳಗೆ ಅದರ ಮೊದಲ ಏಟು ಬಿದ್ದದ್ದು ಕ್ಯೋಟೋದ ವಿದ್ಯಾರ್ಥಿಗಳ ಮೇಲೆ. 1928ರಲ್ಲಿ ಅದಕ್ಕೆ ಮರಣದಂಡನೆಯನ್ನೂ ಸೇರಿಸಿದರು, ಅದೂ ಸಂಸತ್ತಿನಲ್ಲಿ ಪಾಸಾಗದೆ ರಾಜಾಜ್ಞೆಯ ಮೂಲಕ. ಈ ಎರಡು ಕಾನೂನುಗಳನ್ನು ಒಟ್ಟಿಗೆ ಇಟ್ಟು ಓದದೆ ತೈಶೋ ಅರ್ಥವಾಗುವುದಿಲ್ಲ, ಅದರ ಮುಂದಿನ ಶೋವಾ ಕೂಡ ಅರ್ಥವಾಗುವುದಿಲ್ಲ ಅನ್ನುವುದು ನನ್ನ ವಾದ. ಶೋವಾ ತನ್ನ ಲಾಠಿಯನ್ನು ಹೊಸದಾಗಿ ಮಾಡಿಸಿಕೊಳ್ಳಬೇಕಾಗಿರಲಿಲ್ಲ, ತೈಶೋ ಮಾಡಿಟ್ಟೇ ಹೋಗಿತ್ತು.

ಹಾಗಾಗಿ ಚಕ್ರವರ್ತಿ ಪಟ್ಟಕ್ಕೆ ಬಂದ ದಿನ, ಸತ್ತ ದಿನ ಹಿಡಿದು ಪುಟ ಹಂಚುವ ಕ್ರಮವನ್ನೇ ಸ್ವಲ್ಪ ಸಡಿಲಿಸಿ ಅಂತ ನನ್ನ ಕೋರಿಕೆ. ಬೀದಿಯ ಜನ ಸರ್ಕಾರವನ್ನು ನಡುಗಿಸಿದ್ದು 1905ರಲ್ಲಿ, ರಷ್ಯಾ ಜೊತೆಗಿನ ಒಪ್ಪಂದ ಒಪ್ಪದೆ ಹಿಬಿಯಾ ಪಾರ್ಕಿನಲ್ಲಿ ಸೇರಿದಾಗಲೇ ಶುರುವಾಗಿತ್ತು. ಪಕ್ಷಗಳ ಸರ್ಕಾರ ಮುಗಿದದ್ದು 1932ರ ಮೇ 15ರಂದು, ಪ್ರಧಾನಿ ಇನುಕಾಯಿ ತ್ಸುಯೋಶಿಯನ್ನು ನೌಕಾಪಡೆಯ ಯುವ ಅಧಿಕಾರಿಗಳು ಅವನ ನಿವಾಸಕ್ಕೇ ನುಗ್ಗಿ ಗುಂಡಿಟ್ಟು ಕೊಂದಾಗ. 1913ರಲ್ಲಿ ಓಜಾಕಿಯ ಜೊತೆ ನಿಂತು ಕತ್ಸುರಾನನ್ನು ಇಳಿಸಿದ ಇನ್ನೊಬ್ಬ ಮುಂದಾಳು ಇವನೇ. ಇದರಲ್ಲಿ ಯಾವ ತುದಿಯೂ ತೈಶೋ ಗಡಿಯೊಳಗೆ ಬೀಳುವುದಿಲ್ಲ. ಶೋವಾದ ಕಥೆಯೂ ಅಷ್ಟೇ. ಯುದ್ಧ, ಅಣುಬಾಂಬು, ಬುಲೆಟ್ ರೈಲು ಮೂರೂ ಒಂದೇ ಹೆಸರಿನಡಿ ಬರುತ್ತವೆ, 1926ರಿಂದ 1989ರವರೆಗೆ ರಾಜ ಒಬ್ಬನೇ ಅನ್ನುವ ಕಾರಣಕ್ಕೆ. ಆ ಶೋವಾದ ಮೊದಲ ವರ್ಷ ಇದ್ದದ್ದು ಏಳೇ ದಿನ. (ಅದರ ಹೆಸರು ಘೋಷಣೆಯಾಗುವ ಮುಂಚೆಯೇ ಟೋಕಿಯೋದ ಒಂದು ದೊಡ್ಡ ಪತ್ರಿಕೆ ಹೊಸ ಕಾಲದ ಹೆಸರು "ಕೋಬುನ್" ಅಂತ ಅಚ್ಚು ಹಾಕಿ ನಗೆಪಾಟಲಾಗಿತ್ತು. ಆತುರ ಎಲ್ಲ ಊರಿನ ಪತ್ರಿಕೆಗಳಿಗೂ ಒಂದೇ ಅನ್ನಿ!)

ಮುಂದಿನ ಪುರವಣಿಯಲ್ಲಿ ಜಾಗ ಸಿಕ್ಕಿದರೆ ಒಬ್ಬನ ಬಗ್ಗೆಯಾದರೂ ಬರೆಸಿ, ಆ ಓಜಾಕಿ ಯುಕಿಯೋ ಬಗ್ಗೆ. 1890ರ ಮೊದಲ ಚುನಾವಣೆಯಿಂದ 25 ಸಲ ಸಂಸತ್ತಿಗೆ ಗೆದ್ದವನು, ಮೂರೂ ಕಾಲ ಕಂಡವನು. 1942ರಲ್ಲಿ, ಯುದ್ಧದ ನಡುವೆ, 80 ದಾಟಿದ ವಯಸ್ಸಿನಲ್ಲಿ ಗೆಳೆಯನ ಪರ ಚುನಾವಣಾ ಭಾಷಣ ಮಾಡುತ್ತಾ ಒಂದು ಹಳೇ ಚುಟುಕ ಹೇಳಿದ. ಅಜ್ಜನ ಆಸ್ತಿ ಕರಗಿಸಿದ ಮೂರನೇ ತಲೆಮಾರಿನವನು "ಮನೆ ಮಾರಾಟಕ್ಕಿದೆ" ಅಂತ ಬೋರ್ಡು ಬರೆಯುತ್ತಾನೆ, ಅದೂ ಚಂದದ ಚೀನೀ ಅಕ್ಷರದಲ್ಲಿ. ಕೇಳಿದವರಿಗೆ ಮೇಜಿ, ತೈಶೋ, ಶೋವಾ ಅಂತ ಎಣಿಸಿಕೊಳ್ಳುವುದು ಕಷ್ಟವೇನಿರಲಿಲ್ಲ. ಚಕ್ರವರ್ತಿಗೆ ಅವಮಾನ ಅಂತ ಕೇಸು ಹಾಕಿದರು, ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯೂ ಆಯಿತು. ಆ ಚುನಾವಣೆಯಲ್ಲಿ ಓಜಾಕಿ ಗೆದ್ದ. 1944ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವನದೇನೂ ತಪ್ಪಿಲ್ಲ ಅಂತ ಬಿಟ್ಟಿತು.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗ